ಉತ್ತರ ಬಾರದ ಕರೆಗಳ ದುಭಾಷಿ

ಬೆಳಗಿನ ಐದೂವರೆ. ಔಷಧಿ ಗೋದಾಮಿನ ಮೇಲ್ಮಹಡಿಯ ಕೋಣೆಯಲ್ಲಿ ಒಂದೇ ದೀಪ. ಅದರ ಕೆಳಗೆ ಐವತ್ತೇಳರ ಪ್ರಾಯದ ಒಬ್ಬರು ಕನ್ನಡಕವನ್ನು ಹಣೆಗೇರಿಸಿ ಎರಡು ಪರದೆಗಳಿಗೆ ಎರಡು ದನಿ ಕೊಡುತ್ತಿದ್ದಾರೆ. ಎಡಗಡೆಯ ಹಸಿರು ಅಕ್ಷರಗಳಿಗೆ ಗೊಗ್ಗರು ಗಂಟಲು: "ಆಸ್ಪತ್ರೆ ಹೆಸರು ಇಪ್ಪತ್ತು ಅಕ್ಷರ ಇರ್ಬೇಕು. ಕಮ್ಮಿ ಬಿದ್ರೆ ಖಾಲಿ ಜಾಗ ತುಂಬ್ಸ್ಕೊಂಡು ಬಾ!" ಬಲಗಡೆಯ ಬಣ್ಣದ ಪರದೆಗೆ ಕೀರಲು ದನಿ: "ಇರೋದೇ ಎಂಟು ಅತ್ತೇ, ಮಿಕ್ಕಿದ್ದು ಎಲ್ಲಿಂದ ತರ್ಲಿ?"

ಕಚೇರಿಯಲ್ಲಿ ಇವರನ್ನು 'ದುಭಾಷಿ' ಎಂದೇ ಕರೆಯುತ್ತಾರೆ. ಎಡಗಡೆಯದು ಇಪ್ಪತ್ತಾರು ವರ್ಷದ ಹಿಂದೆ ಇವರೇ ಬರೆದ ದಾಸ್ತಾನಿನ ಪ್ರೋಗ್ರಾಂ. ಯಾವ ಆಸ್ಪತ್ರೆಗೆ ಯಾವ ಔಷಧಿ ಎಂದು ಹೇಳುವುದು ಅದು. ಬಲಗಡೆಯದು ಹೋದ ವರ್ಷ ಬಂದದ್ದು. ಔಷಧಿಯನ್ನು ವ್ಯಾನಿಗೆ ಹತ್ತಿಸುವ ಹೊಣೆ ಅದರದು. ಹಳೆಯದು ಹೊಸದನ್ನು ಕೂಗಬೇಕು, ಹೊಸದು ಓಗೊಡಬೇಕು. ಈ ಕೂಗಿಗೆ ಇಲ್ಲಿ 'ಕರೆ' ಎನ್ನುತ್ತಾರೆ. ದಿನಕ್ಕೆ ಸಾವಿರದ ನೂರು ಕರೆಗಳಲ್ಲಿ ಮೂವತ್ತು ನಲವತ್ತು ಮುನಿಸಿಕೊಂಡು ಕೂರುತ್ತವೆ. ಏಳಕ್ಕೆ ವ್ಯಾನು ಹೊರಡುವುದರೊಳಗೆ ಒಂದೊಂದನ್ನೂ ರಮಿಸಿ ಎಬ್ಬಿಸುವುದು ಇವರ ಕೆಲಸ.

"ಅತ್ತೆಗೆ ಕಿವಿ ಮಂದ, ಸೊಸೆಗೆ ಅವಸರ. ಎಲ್ಲಾ ಸರಿ ಹೋದ ದಿನ ನನ್ನ ನೆನಪು ಯಾರಿಗೂ ಬರಲ್ಲ. ಅದೇ ನನಗೆ ಸರ್ಟಿಫಿಕೇಟು" ಎಂದು ಪತ್ರಿಕೆಗೆ ಬರೆಯಲು ಬಂದ ನನ್ನತ್ತ ನೋಡಿ ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ. "ಹೊಗಳೋಕೆ ಮುಂಚೆ ಇನ್ನೊಂದು ಬರ್ಕೊಳ್ಳಿ. ನಾನು ಒಬ್ಬಳ ಕೆಲಸ ಕಳೆದಿದೀನಿ."

ಮೂರು ವಾರದ ಹಿಂದಿನ ಮಾತು. ಒಂದು ಚಿಕ್ಕ ಆಸ್ಪತ್ರೆಗೆ ಇನ್ಸುಲಿನ್ ಕಳಿಸಲು ಹಳೆಯದು ಕರೆ ಮಾಡಿತು. ಹೊಸದು ಆಗ ನಾಲ್ಕು ನಿಮಿಷ ನಿಂತು ಮತ್ತೆ ಶುರುವಾಗುತ್ತಿತ್ತು. ಉತ್ತರ ಬರಲಿಲ್ಲ. ಆದರೂ ಹಳೆಯದು 'ತಲುಪಿತು' ಎಂದು ಬರೆದುಕೊಂಡಿತು. ಔಷಧಿ ಗೋದಾಮು ಬಿಟ್ಟು ಕದಲಲೇ ಇಲ್ಲ. ಎರಡು ದಿನದಲ್ಲಿ ಅಲ್ಲಿನ ಅಜ್ಜಿಯೊಬ್ಬರು ಎಚ್ಚರ ತಪ್ಪಿದರು. ಪುಣ್ಯಕ್ಕೆ ಉಳಿದುಕೊಂಡರು.

ಸುದ್ದಿ ಬಂದ ಬೆಳಿಗ್ಗೆಯೇ ದುಭಾಷಿ ಕಾರಣ ಹುಡುಕಿದ್ದರು. ಸಿಕ್ಕಿದ್ದು ತಾವೇ ಬರೆದ ಸಾಲು. "ಆಗ ಆಚೆ ಕಡೆ ಇದ್ದದ್ದು ಇನ್ನೊಂದು ಮುದಿ ಪ್ರೋಗ್ರಾಂ. ತೊಂದ್ರೆ ಇದ್ರೆ ಮಾತ್ರ ಬಾಯಿ ಬಿಡ್ತಿತ್ತು. ಮೌನಂ ಸಮ್ಮತಿ ಲಕ್ಷಣಂ ಅಂತ, ಉತ್ತರ ಬರದಿದ್ರೆ 'ಸರಿ' ಅಂತ ತಿಳ್ಕೋ ಅಂದೆ. ಆಮೇಲೆ ಮರ್ತೆ."

ಹತ್ತು ಗಂಟೆಯ ಸಭೆಯಲ್ಲಿ ಮ್ಯಾನೇಜರು ಹೊಸ ಪ್ರೋಗ್ರಾಂ ಬರೆದವಳನ್ನು ನಿಲ್ಲಿಸಿ ಕೇಳಿದರು. ಆಕೆ ಇವರತ್ತ ತಿರುಗಿದಳು: "ಸರ್, ನನ್ನದು ನಾಲ್ಕು ನಿಮಿಷ ನಿಲ್ಲೋದು ನಿಮಗೆ ಗೊತ್ತಿತ್ತಲ್ಲ. ನೀವಾದ್ರೂ ಹೇಳಿ." ಮ್ಯಾನೇಜರು ಕೇಳಿದರು: "ತಪ್ಪು ಹೊಸದರದ್ದೇ ತಾನೆ?"

ದುಭಾಷಿ ನೀರಿನ ಲೋಟ ಎತ್ತಿಕೊಂಡರು. "ಬಾಯಾರಿರ್ಲಿಲ್ಲ. ಲೋಟ ಖಾಲಿ ಆಗೋವರೆಗೂ ಕುಡಿದೆ. ಅವರು ಅದನ್ನೇ 'ಹೌದು' ಅಂತ ತಿಳ್ಕೊಂಡ್ರು." ಸಂಜೆಯೊಳಗೆ ಆಕೆ ಕೊಡೆ, ನೀರಿನ ಬಾಟಲಿ ಎತ್ತಿಕೊಂಡು ಮನೆಗೆ ಹೋದಳು.

ಮನೆಯಲ್ಲಿ ಹೆಂಡತಿಗೆ ಹೇಳಿದ್ದು ಮೊನ್ನೆ. ಪಾತ್ರೆ ಉಜ್ಜುತ್ತಿದ್ದವರು ತಿರುಗಿಯೂ ನೋಡಲಿಲ್ಲವಂತೆ. "ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅನ್ನೋದು ನಿಮ್ಮ ಆಫೀಸಲ್ಲೂ ಇದೆಯಾ? ಮೂರು ವಾರ ಹೇಗೆ ಊಟ ಮಾಡಿದ್ರಿ ರೀ?"

ನಿನ್ನೆ ಪ್ರೋಗ್ರಾಂನ ಆ ಸಾಲನ್ನು ಅಚ್ಚು ಹಾಕಿಸಿ ಮ್ಯಾನೇಜರ ಮೇಜಿನ ಮೇಲಿಟ್ಟಿದ್ದಾರೆ. ಬೈಗುಳ ಆಗಿದೆ, ಆಕೆಯನ್ನು ವಾಪಸು ಕರೆದು ಪತ್ರವೂ ಹೋಗಿದೆ. ಉತ್ತರ ಬಂದಿಲ್ಲ. ಸಾಲನ್ನೂ ತಿದ್ದಿದ್ದಾರೆ. ಈಗ ಓಗೊಡದಿದ್ದರೆ ಹಳೆಯದು ಮತ್ತೆ ಕೂಗುತ್ತದೆ. ಮೂರನೆಯ ಸಲವೂ ಸದ್ದಿಲ್ಲದಿದ್ದರೆ ಕೆಂಪಕ್ಷರದಲ್ಲಿ 'ಉತ್ತರ ಬಂದಿಲ್ಲ' ಎಂದು ಬರೆಯುತ್ತದೆ.

ಏಳಕ್ಕೆ ವ್ಯಾನುಗಳು ಗೇಟು ದಾಟುತ್ತವೆ. ದುಭಾಷಿ ಫೋನು ತೆಗೆದು ಆಕೆಯ ನಂಬರು ಒತ್ತುತ್ತಾರೆ. ಮಿಮಿಕ್ರಿ ದನಿಗಳೆಲ್ಲ ಎಲ್ಲೋ ಅಡಗಿವೆ. ಗಂಟಲು ಸರಿ ಮಾಡಿಕೊಳ್ಳುತ್ತಾರೆ. ರಿಂಗಾಗಿ ರಿಂಗಾಗಿ ನಿಲ್ಲುತ್ತದೆ. ಇನ್ನೊಮ್ಮೆ. ಮತ್ತೊಮ್ಮೆ.

ಫೋನನ್ನು ಮೇಜಿನ ಮೇಲೆ ಕವುಚಿ ಇಡುತ್ತಾರೆ.

"ಕ್ಷಮಿಸಿಬಿಟ್ಟಳು ಅಂತ ಬರ್ಕೋಬೇಡಿ ಮತ್ತೆ" ಎನ್ನುತ್ತಾರೆ. "ಉತ್ತರ ಬಂದಿಲ್ಲ ಅಂತ ಬರ್ಕೊಳ್ಳಿ."