ಬೇರೆ ಮಾಡಿದ ಎರಡು ಟೇಬಲ್

ಮೊನ್ನೆ ಪಕ್ಕದ ಮನೆಗೆ ಹೊಸಬರು ಬಂದರು. ಅವರು ಕಬ್ಬಿಣದ ಟೇಬಲ್ಲೊಂದನ್ನು ನೆಲದ ಮೇಲೆ ಎಳೆದ ಸದ್ದಿಗೆ ನನ್ನ ಕೈಯಲ್ಲಿದ್ದ ಚಹಾ ತುಳುಕಿತು. ನಿಮಗೆ ಇದು ಅತಿಯೆನಿಸಬಹುದು. ಆದರೆ ಆ ಸದ್ದು ಕೇಳಿದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಸುರಪುರದ ತಾಲ್ಲೂಕು ಕಚೇರಿಗೆ ನಾನು ಶಿರಸ್ತೇದಾರನಾಗಿ ಹೋದ ಹೊಸತು. ಬಡ್ತಿಯ ಬಿಸಿ ಇನ್ನೂ ಆರಿರಲಿಲ್ಲ. ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮುಖದ ಮೇಲೆ ಬೇಡದ ಗಾಂಭೀರ್ಯ. ನನ್ನ ಕೈಕೆಳಗೆ ಪಹಣಿ ತಿದ್ದುಪಡಿ ನೋಡುತ್ತಿದ್ದವರು ಇಬ್ಬರು, ರೆಹಾನಾ ಬೇಗಂ ಮತ್ತು ಶಾಂತಮ್ಮ. ರೆಹಾನಾ ಬೇಗಂ ಹಳಬರು. ಶಾಂತಮ್ಮ ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಕೆಲಸಕ್ಕೆ ಬಂದವರು. ಅಕ್ಕಪಕ್ಕದ ಟೇಬಲ್, ಬೆಳಿಗ್ಗೆಯಿಂದ ಸಂಜೆಯವರೆಗೂ ನಿಲ್ಲದ ಮಾತು.

ಮಾತಾಡುವವರು ಕೆಲಸ ಮಾಡುವುದಿಲ್ಲ ಎಂಬುದು ಆಗ ನನ್ನ ಗಟ್ಟಿ ನಂಬಿಕೆ. ಅವರ ಫೈಲುಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದುದನ್ನು ನಾನು ಗಮನಿಸಲೇ ಇಲ್ಲ. ಒಂದು ಸೋಮವಾರ ಶಾಂತಮ್ಮನವರ ಟೇಬಲ್ಲನ್ನು ಹಳೆಯ ಕಡತಗಳನ್ನಿಡುವ ದಫ್ತರದ ಕೋಣೆಗೆ ಎಳೆಸಿಬಿಟ್ಟೆ.

"ಅಲ್ಲಿ ಗದ್ದಲ ಇಲ್ಲ, ಕೆಲಸ ಚಲೋ ಆಗ್ತದ" ಎಂದೆ.

"ಹೌದ್ರಿ ಸಾಹೇಬ್ರ" ಎಂದಷ್ಟೇ ಹೇಳಿ, ನೀರಿನ ಬಾಟಲಿ ಎತ್ತಿಕೊಂಡು ಅವರು ನಡೆದರು.

ಕಚೇರಿ ತಣ್ಣಗಾಯಿತು. ನನಗೆ ಖುಷಿಯೋ ಖುಷಿ. ಮೂರನೇ ವಾರಕ್ಕೆ ಫೈಲುಗಳು ನಿಂತವು. ಶಾಂತಮ್ಮ ಒಂದೊಂದು ನಕಲನ್ನೂ ನಾಲ್ಕು ಸಲ ತಾಳೆ ನೋಡಿ, ಆದರೂ ಸಹಿ ಹಾಕಲಾರದೆ ಕೂರುತ್ತಿದ್ದರು. ಹುಣಸಗಿ ಕಡೆಯ ರೈತನೊಬ್ಬ ಒಂದೇ ಸರ್ವೆ ನಂಬರಿಗಾಗಿ ಮೂರು ಸಲ ಬಸ್ಸು ಹತ್ತಿ ಬಂದ. ತಲೆನೋವೆಂದು ಶಾಂತಮ್ಮನವರ ರಜೆ ಚೀಟಿಗಳು ಬಂದವು. ನಾನು ನೋಟೀಸು ಬರೆದೆ. ಅದಕ್ಕೆ ಉತ್ತರವಾಗಿ ಬಂದದ್ದು ಎರಡೇ ಸಾಲಿನ ರಾಜೀನಾಮೆ.

ಅದನ್ನು ಹಿಡಿದು ಕೂತಿದ್ದಾಗ ರೆಹಾನಾ ಬೇಗಂ ಎದುರಿಗೆ ಬಂದು ನಿಂತರು.

"ಸಾಹೇಬ್ರ, ನಾವು ಹರಟಿ ಹೊಡೀತಿದ್ವಿ ಅಂತ ನೀವು ತಿಳ್ಕೊಂಡ್ರಿ. ಅಕಿ ನಂಬರ್ ಓದ್ತಿದ್ಲು, ನಾ ರಿಜಿಸ್ಟರ್‌ದಾಗ ನೋಡ್ತಿದ್ದೆ. ನಡುವ ಒಂದೀಟು ಮನಿ ಮಾತು. ಗಂಡನ ಹೆಸ್ರು ಕೆಡಬಾರ್ದು ಅಂತ ಅಕಿಗಿ ತಪ್ಪಿನ ಅಂಜಿಕಿ ಭಾಳ. ಬಾಜೂಕ ಒಬ್ರು ಇದ್ರ ಅದು ಹೋಗ್ತದ್ರಿ."

ದಫ್ತರದ ಕೋಣೆಗೆ ಹೋದೆ. ದಾರಿಯಲ್ಲಿ ಕಟ್ಟಿಕೊಂಡಿದ್ದ ಮಾತೆಲ್ಲ ಬಾಗಿಲಲ್ಲೇ ಮರೆತುಹೋಯಿತು.

"ನಂದ ತಪ್ಪಾತ್ರಿ ಅಮ್ಮಾ. ಇದನ್ನ ವಾಪಸ್ ತಗೋರಿ" ಎಂದು ಕಾಗದ ಚಾಚಿದೆ.

ಶಾಂತಮ್ಮ ಕೈ ಮುಂದೆ ಮಾಡಲಿಲ್ಲ. "ನನಗ ಕೆಲಸ ಬರಂಗಿಲ್ಲ ಅಂತ ಇಲ್ಲಿಗಿ ಹಾಕೀರಿ ಅಂದ್ಕೊಂಡಿದ್ದೆನ್ರಿ" ಎಂದರು. ಹಾಗಲ್ಲ, ನಿಮ್ಮ ಮಾತು ಕಂಡು ನಾನೇ ತಪ್ಪು ತಿಳಿದೆ ಎಂದು ಬಿಡಿಸಿ ಹೇಳಿದ ಮೇಲೆ ಕಾಗದ ತೆಗೆದುಕೊಂಡರು.

ಟೇಬಲ್ಲನ್ನು ಮತ್ತೆ ರೆಹಾನಾ ಬೇಗಂ ಪಕ್ಕಕ್ಕೆ ಸಾಗಿಸುವಾಗ ಒಂದು ತುದಿಯನ್ನು ನಾನೇ ಹಿಡಿದೆ. ಬಾಗಿಲಿಗೆ ಬೆರಳು ಸಿಕ್ಕಿ ಊದಿತು. ಕಚೇರಿಯವರೆಲ್ಲ ತಲೆ ತಗ್ಗಿಸಿ ನಗು ತಡೆದುಕೊಂಡರು.

ಎಲ್ಲವೂ ಮರುದಿನವೇ ಸರಿಹೋಗಲಿಲ್ಲ. ಶಾಂತಮ್ಮ ಎರಡು ತಿಂಗಳು ನನ್ನೊಡನೆ ಕೆಲಸದ ಮಾತಷ್ಟೇ ಆಡಿದರು. ಆಮೇಲೊಂದು ದಿನ ನನ್ನದೇ ಟಿಪ್ಪಣಿ ತಂದು, "ಹಿಸ್ಸಾ ನಂಬರ್ ತಪ್ಪಿ ಬರ್ದೀರಿ ನೋಡ್ರಿ" ಎಂದು ಎಲ್ಲರೆದುರಿಗೇ ತೋರಿಸಿದರು. ಆ ದನಿಯಲ್ಲಿ ಅಂಜಿಕೆಯಿರಲಿಲ್ಲ. ತಪ್ಪು ತೋರಿಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನ್ನ ನೌಕರಿಯಲ್ಲಿ ಅದೊಂದೇ ಸಲ.

ಈಗ ನಾನು ನಿವೃತ್ತ, ಶಹಾಪುರದಲ್ಲಿದ್ದೇನೆ. ಶಾಂತಮ್ಮ ಯಾದಗಿರಿಯಲ್ಲಿ ಒಂದು ವಿಭಾಗ ನೋಡಿಕೊಳ್ಳುತ್ತಾರೆ. ಮೊನ್ನೆ ಆ ಟೇಬಲ್ಲಿನ ಸದ್ದು ಕೇಳಿದ ಸಂಜೆ ತಡೆಯಲಾರದೆ ಅವರಿಗೆ ಫೋನು ಮಾಡಿದೆ. ಯೋಗಕ್ಷೇಮವೆಲ್ಲ ಮುಗಿದ ಮೇಲೆ ಅವರು ತಮ್ಮ ತಾಪತ್ರಯ ಹೇಳಿಕೊಂಡರು.

"ಹೊಸಾಕಿ ಒಬ್ಬಾಕಿ ಬಂದಾಳ್ರಿ. ದಿನಾ ತಡ ಮಾಡ್ತಾಳ, ಯಾರ ಸಂಗಡಾನೂ ಮಾತಿಲ್ಲ. ಮೆಮೋ ಬರ್ದಿಟ್ಟೀನಿ, ನಾಳಿ ಕೊಡ್ತೀನಿ."

"ಯಾಕ ತಡ ಆಗ್ತದ ಅಂತ ಅಕಿನ್ನ ಕೇಳಿದ್ರೇನ್ರಿ?" ಎಂದೆ.



"ಇಲ್ರಿ ಸಾಹೇಬ್ರ" ಎಂದರು, ಮೆಲ್ಲಗೆ. "ನಾನೂ ಕೇಳಿಲ್ಲ ನೋಡ್ರಿ. ನಾಳಿ ಮುಂಜಾನಿ ಮೊದಲ ಹೋಗಿ ಅಕಿ ಬಾಜೂಕ ಕುಂದ್ರತೀನಿ."