ನಡುವೆ ನಿಲ್ಲಿಸಿದ ಪದ್ಯ

ಥೂ, ಆ ಶೀಲ್ಡು ಈಗಲೂ ಚಿಕ್ಕಬೈರಪ್ಪನ ಮನೆಯ ಗಾಜಿನ ಬೀರುವಿನಲ್ಲಿ ಕೂತಿದೆ. ಅದರ ಮೇಲೆ ‘ಉತ್ತಮ ಚಾರಿತ್ರ್ಯ’ ಎಂದು ಹಿತ್ತಾಳೆಯಲ್ಲಿ ಕೆತ್ತಿಸಿದ್ದಾನೆ. ಅರಿಶಿನ ಕುಂಕುಮಕ್ಕೆಂದು ಅವರ ಮನೆಗೆ ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ, ಅವರು ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತೇನೆ.

ಅದರ ಕಥೆ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಶಿವಶರಣಪ್ಪನವರ ಕಥೆ ಹೇಳಬೇಕು. ಎಪ್ಪತ್ತಾರರಲ್ಲೋ ಎಪ್ಪತ್ತೇಳರಲ್ಲೋ ಗುಲ್ಬರ್ಗ ಕಡೆಯಿಂದ ಬಂದರು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಗುಮಾಸ್ತರಾಗಿ ಸೇರಿ, ಬಾಗಲಗುಂಟೆಯ ನಮ್ಮ ಮನೆಯ ಮುಂದಿನ ಕೋಣೆ ಹಿಡಿದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಜೋಳದ ರೊಟ್ಟಿ ತಾವೇ ಬಡಿದುಕೊಳ್ಳುತ್ತಿದ್ದರು. ಮೊದಲ ದಿನ ಆ ಸದ್ದಿಗೆ ನಮ್ಮತ್ತೆ, “ಲೇ ಕೃಷ್ಣಮ್ಮ, ಯಾರೋ ಗ್ವಾಡೆ ಒಡೀತಾವ್ರೆ ನೋಡೇ” ಎಂದು ಎದ್ದು ಕೂತಿದ್ದರು.

ಕೆಲಸದಿಂದ ಬಂದವರು ಸಂಜೆ ಜಗುಲಿಯ ಮೇಲೆ ಚಾಪೆ ಹಾಸಿ, ಬೀದಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಹಳಗನ್ನಡದ ಪದ್ಯ, ಸಂಸ್ಕೃತದ ಶ್ಲೋಕ ಬಾಯಿಪಾಠ ಮಾಡಿಸುವರು. ಯಾರಿಂದಲೂ ಒಂದು ಬಿಡಿಗಾಸು ಮುಟ್ಟುತ್ತಿರಲಿಲ್ಲ.

“ಇದನ್ನ ಕಟ್ಕೊಂಡು ಮಕ್ಳು ಏನ್ ಮಾಡ್ಬೇಕು ಸಾರ್? ಅದರ ಬದ್ಲು ನಾಲ್ಕಕ್ಷರ ಇಂಗ್ಲಿಷ್ ಹೇಳ್ಕೊಡಬಾರ್ದಾ?” ಎಂದು ನಾನೇ ಕೇಳಿದ್ದೆ.

“ಪದ್ಯ ಮರೀಲಿ ಬಿಡ್ರಿ ಕೃಷ್ಣಮ್ಮಾರ. ಕಲಿಯುವಾಗ ಬಂದ ನಡತಿ ಉಳೀತದ,” ಎಂದಿದ್ದರು.

ನಡತೆ ಕಲಿಸುವ ಅವರ ರೀತಿಯೇ ಬೇರೆ. ಬೆತ್ತವಿಲ್ಲ, ಬೈಗುಳವಿಲ್ಲ, ಯಾರ ತಪ್ಪನ್ನೂ ತಿದ್ದುತ್ತಲೂ ಇರಲಿಲ್ಲ. ತಪ್ಪಿದ ಮಗು ತಾನೇ ನಿಲ್ಲಿಸಿ, ಕೈ ಮುಗಿದು ‘ತಪ್ಪಿದೆ’ ಎನ್ನಬೇಕು, ಮತ್ತೆ ಮೊದಲಿಂದ ಹೇಳಬೇಕು. ಯಾವನಾದರೂ ತಪ್ಪನ್ನು ನುಂಗಿಕೊಂಡು ಮುಂದಕ್ಕೆ ಓಡಿದರೆ ಇವರು ಕಣ್ಣು ಮುಚ್ಚಿಕೊಂಡು ಸುಮ್ಮನೆ ಕೂತುಬಿಡುವರು. ಆ ಮೌನ ತಡೆಯಲಾರದೆ ಮಗುವೇ ಒಪ್ಪಿಕೊಳ್ಳುತ್ತಿತ್ತು. ಇದೆಂಥ ಹುಚ್ಚು ಎಂದು ನಾನು ನಗುತ್ತಿದ್ದೆ. ಆಮೇಲೊಂದು ದಿನ ನನ್ನ ಮಗನೇ ಬಂದು, “ಅಮ್ಮಾ, ಹಂಡೆ ನಲ್ಲಿ ಮುರಿದಿದ್ದು ನಾನೇ” ಎಂದಾಗ ನಗು ನಿಂತಿತು. ಅವನನ್ನು ಹೊಡೆಯಲು ಕೈ ಏಳಲಿಲ್ಲ.

ಆ ಗುಂಪಿನಲ್ಲಿ ಚುರುಕೆಂದರೆ ಲಕ್ಕಣ್ಣನ ಮಗಳು ಮಾರಕ್ಕ. ಅಜ್ಜಿಯ ಹೆಸರಿಟ್ಟಿದ್ದರು ಪಾಪ, ಅದಕ್ಕೆ ಸ್ಕೂಲಿನಲ್ಲಿ ಎಲ್ಲರೂ ಆಡಿಕೊಳ್ಳುವರು. ಆದರೆ ಅವಳು ಪದ್ಯ ಎತ್ತಿದಳೆಂದರೆ ಬೀದಿಯಲ್ಲಿ ಹೋಗುವವರು ಸೈಕಲ್ ಇಳಿಯುತ್ತಿದ್ದರು. ಅಪ್ಪ ಲಕ್ಕಣ್ಣ ಎತ್ತಿನ ಗಾಡಿಯಲ್ಲಿ ಇಟ್ಟಿಗೆ ಹೊಡೆಯುತ್ತಿದ್ದ. ಎಂಬತ್ತೊಂದರಲ್ಲಿ ಅವಳು ಏಳನೇ ಕ್ಲಾಸಿನ ಪರೀಕ್ಷೆ ಮುಗಿಸಿದಳು. ಇನ್ನು ಓದು ಸಾಕು, ಮನೆಯಲ್ಲಿ ಕೂತು ಊದುಬತ್ತಿ ಹೊಸೆಯಲಿ ಎಂದು ಅವನು ತೀರ್ಮಾನ ಮಾಡಿಬಿಟ್ಟಿದ್ದ.

ಅಷ್ಟರಲ್ಲಿ ಯುಗಾದಿಗೆ ಚಿಕ್ಕಬೈರಪ್ಪ ಒಂದು ಸ್ಪರ್ಧೆ ಇಟ್ಟ. ಈ ಮಹಾನುಭಾವ ಹೊಲ ಮಾರಿ, ಸಾಲದೆ ಕೆರೆಯಂಗಳಕ್ಕೆ ಮಣ್ಣು ಸುರಿಸಿ ಸೈಟು ಮಾಡಿ ಅದನ್ನೂ ಮಾರಿದವನು. ಆಮೇಲೆ ಇದ್ದಕ್ಕಿದ್ದ ಹಾಗೆ ಅವನಿಗೆ ಊರ ಮಕ್ಕಳ ಚಾರಿತ್ರ್ಯದ ಚಿಂತೆ ಹತ್ತಿತು! ತನ್ನ ಹೆಸರಿನಲ್ಲೇ ಹೈಸ್ಕೂಲು ತೆರೆದಿದ್ದ. ಹಳಗನ್ನಡ ಪದ್ಯವಾಚನದಲ್ಲಿ ಗೆದ್ದವರಿಗೆ ‘ಉತ್ತಮ ಚಾರಿತ್ರ್ಯ’ದ ಶೀಲ್ಡು, ಜೊತೆಗೆ ಆ ಸ್ಕೂಲಿನಲ್ಲಿ ಹತ್ತನೇ ಕ್ಲಾಸಿನವರೆಗೆ ಪುಕ್ಕಟೆ ಓದು ಎಂದು ಸಾರಿಸಿದ.

ಮಗಳನ್ನು ಸ್ಪರ್ಧೆಗೆ ಕಳಿಸೆಂದು ಶಿವಶರಣಪ್ಪನವರು ಲಕ್ಕಣ್ಣನ ಕೈಕಾಲು ಹಿಡಿಯುವುದೊಂದು ಬಾಕಿ.

ಕೊನೆಗೆ ಅವನು, “ಆಯ್ತು ಸಾಮಿ, ಗೆದ್ರೆ ಓದ್ಲಿ. ಸೋತ್ರೆ ಮಾತ್ರ ಊದ್‌ಬತ್ತಿ ಮಣೆ ಮುಂದೆ ಕೂತ್ಕಬೇಕು. ಆಮ್ಯಾಕೆ ನೀವು ಬಂದು ನನ್ ತಲೆ ತಿನ್ಬಾರ್ದು,” ಎಂದ.

ಸ್ಪರ್ಧೆಯ ದಿನ ಶಾಮಿಯಾನ ಏನು, ಮೈಕ್‌ಸೆಟ್ಟೇನು! ಚಾರಿತ್ರ್ಯದ ಮೇಲೆ ಚಿಕ್ಕಬೈರಪ್ಪ ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡೇ ಭಾಷಣ ಬಿಗಿದ. ನಡುನಡುವೆ ವೇದಿಕೆಯ ಪಕ್ಕಕ್ಕೆ ಬಗ್ಗಿ ಉಗಿಯುತ್ತಿದ್ದ. ತೀರ್ಪುಗಾರರ ಮುಂದೆ ಪದ್ಯ ಬರೆದ ಹಾಳೆ ಇಟ್ಟಿದ್ದರು. ಅವರಲ್ಲೊಬ್ಬ ಬೋಂಡ ತಿಂದ ಕೈಯನ್ನು ಅದಕ್ಕೇ ಒರೆಸಿದ.

ಮೊದಲು ಬಂದವನು ಚಿಕ್ಕಬೈರಪ್ಪನ ಮೊಮ್ಮಗ. ಪರದೆಯ ಹಿಂದಿನಿಂದ ಅವರ ಸ್ಕೂಲಿನ ಮೇಷ್ಟ್ರು ಹೇಳಿಕೊಡುತ್ತಿದ್ದದ್ದು ನಮಗೂ ಕೇಳುತ್ತಿತ್ತು. ಅದೂ ಸಾಲದೆ ನಡುವಿನ ಪದ್ಯಗಳನ್ನೇ ಹಾರಿಸಿ ಕೊನೆಯದಕ್ಕೆ ನೆಗೆದ. ಚಪ್ಪಾಳೆಯೋ ಚಪ್ಪಾಳೆ!

ಆಮೇಲೆ ಮಾರಕ್ಕ ನಿಂತಳು. ಅಮ್ಮನ ಸೀರೆಯಲ್ಲಿ ಹೊಲಿಸಿದ ಲಂಗ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಅವಳು ಶುರು ಮಾಡಿದ ಕೂಡಲೇ ಹಿಂದೆ ಹರಟುತ್ತಿದ್ದ ಹೆಂಗಸರೂ ಬಾಯಿ ಮುಚ್ಚಿದರು. ಪದ್ಯದ ಮೇಲೆ ಪದ್ಯ, ನೀರು ಹರಿದಂತೆ ಬಂತು. ಇನ್ನೇನು ಮುಗಿಯಿತು, ಹುಡುಗಿ ಗೆದ್ದಳು ಎಂದು ನಾನು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು ನಿಲ್ಲಿಸಿದಳು. ಕೈ ಮುಗಿದು, “ತಪ್ಪಿದೆ” ಎಂದಳು. ಯಾವುದೋ ಒಂದು ಸಾಲು ಹಿಂದುಮುಂದಾಗಿತ್ತಂತೆ. ಶಿವಶರಣಪ್ಪನವರನ್ನು ಬಿಟ್ಟರೆ ಅಲ್ಲಿದ್ದ ಒಬ್ಬರಿಗೂ ಅದು ಗೊತ್ತಾಗಿರಲಿಲ್ಲ. ನಿಲ್ಲಿಸಿದವಳು ಜಗುಲಿಯ ಮೇಲೆ ಮಾಡುತ್ತಿದ್ದಂತೆಯೇ ಮತ್ತೆ ಮೊದಲನೇ ಪದ್ಯ ಎತ್ತಿದಳು.

ಬೋಂಡದವನು ಟಣಟಣ ಗಂಟೆ ಬಾರಿಸಿದ. “ತಪ್ಪು ಅಂತ ನೀನೇ ಒಪ್ಕೊಂಡ್ಮೇಲೆ ಇನ್ನೇನಮ್ಮ? ಕೆಳಗಿಳಿ. ನೆಕ್ಸ್ಟ್!”

ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ಅವರೆಲ್ಲ ನನ್ನ ಊರಿನವರೇ, ನಮ್ಮ ಮನೆಯ ಮದುವೆಗೆ ಬಂದು ಉಂಡವರೇ. ಅಂದು ಅವರ ಹಲ್ಲು ನೋಡಿ ಅಸಹ್ಯವಾಯಿತು. ಶೀಲ್ಡು ಯಾರಿಗೆ ಹೋಯಿತೆಂದು ಬೇರೆ ಹೇಳಬೇಕೆ? ತಾತನೇ ಮೊಮ್ಮಗನಿಗೆ ಕೊಟ್ಟ, ಫೋಟೋನೂ ತೆಗೆಸಿಕೊಂಡ.

ಜಗುಲಿಯ ಪಾಠ ಅಲ್ಲಿಗೆ ನಿಂತಿತು. ಒಂದೆರಡು ತಿಂಗಳಲ್ಲಿ ಶಿವಶರಣಪ್ಪನವರು ಕೋಣೆಯನ್ನೂ ಬಿಟ್ಟು ಯಶವಂತಪುರದ ಕಡೆ ಹೋದರು. ‘ಸೋತ ಅವಮಾನಕ್ಕೆ ಜಗುಲಿ ಮೇಷ್ಟ್ರು ಊರು ಬಿಟ್ಟ’ ಎಂದು ಚಿಕ್ಕಬೈರಪ್ಪ ಹೇಳಿಕೊಂಡು ತಿರುಗಿದ. ಅವನ ಬಾಯಿಗೆ ಮಣ್ಣು ಹಾಕ! ಪಾಠ ನಿಂತದ್ದು ಯಾಕೆಂದು ನನಗೆ ಗೊತ್ತು. ಸ್ಪರ್ಧೆಯ ಮಾರನೆಯ ಬೆಳಿಗ್ಗೆ ನಾನೂ ಅವರ ಜೊತೆ ಲಕ್ಕಣ್ಣನ ಮನೆಗೆ ಹೋಗಿದ್ದೆ.

ಲಕ್ಕಣ್ಣ ಹೇಳಿದ ಮಾತಿಗೆ ತಪ್ಪಿರಲಿಲ್ಲ. ಮಾರಕ್ಕ ಆಗಲೇ ಮಣೆಯ ಮುಂದೆ ಕೂತಿದ್ದಳು. ಮೊಣಕೈವರೆಗೆ ಕಪ್ಪು ಹಿಟ್ಟು. ಶಿವಶರಣಪ್ಪನವರು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ ಅವಳ ಎದುರು ಕುಕ್ಕರಗಾಲಲ್ಲಿ ಕೂತರು. ರಾತ್ರಿಯೆಲ್ಲ ನಿದ್ದೆಯಿಲ್ಲದ ಮುಖ. ಭೇಷ್ ಮಗಳೇ ಅನ್ನುತ್ತಾರೆ, ತಲೆ ಸವರುತ್ತಾರೆ ಎಂದುಕೊಂಡೆ.

“ಯಾಕ ನಿಂತಿ ನನ್ನವ್ವಾ?” ಎಂದರು. ದನಿ ಒಡೆದಿತ್ತು. “ಸುಮ್ನ ಮುಂದ ಹೋಗಬೇಕಿತ್ತಲ್ಲ. ಆ ಮಂದೀಗಿ ಏನು ಗೊತ್ತಾಗ್ತಿತ್ತು? ಪದ್ಯದ ಒಂದು ಸಾಲಿಗಿ ಓದೋ ಸಾಲಿ ಕಳ್ಕೊಂಡಿ.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅಯ್ಯೋ, ಈ ಮನುಷ್ಯನೂ ಹೀಗೆಯೇ ಎಂದು, ನಿನ್ನೆ ಆ ಶಾಮಿಯಾನದಲ್ಲಿ ಆಗದಷ್ಟು ಹೇಸಿಗೆ ನನಗೆ ಅಲ್ಲಿ ಆಯಿತು. ಅವರು ಅಳುತ್ತಿದ್ದರು, ಇಲ್ಲದಿದ್ದರೆ ಅಲ್ಲೇ ಬೈದುಬಿಡುತ್ತಿದ್ದೆ.

ಮಾರಕ್ಕ ಅವರನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

“ಅಂಗಾದ್ರೆ ಅದ್ನ ನಂಗೆ ಮೊದ್ಲೇ ಏಳ್ಕೊಡ್ಬೇಕಾಗಿತ್ತು ಮೇಷ್ಟ್ರೇ,” ಎಂದು ತಲೆ ತಗ್ಗಿಸಿ, ಇನ್ನೊಂದು ಕಡ್ಡಿ ಎತ್ತಿಕೊಂಡಳು.