ಕಾಕಾನ ಕೈಗಷ್ಟೇ ಚಾಲೂ ಆಗುತ್ತಿದ್ದ ಗಾಡಿ

ಆ ಮುಂಜಾನೆ ವಿಜಯಪುರದ ಗ್ಯಾರೇಜಿನ ತಗಡಿನ ನೆರಳಲ್ಲಿ ನಾವು ನಾಲ್ವರಿದ್ದೆವು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ನನ್ನ ಕಾಕಾ, ಅವರ ಮಗ್ಗುಲಿಗೆ ನೀರಿನ ಬಾಟಲಿಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಕಾಕಿ, ಬಾನೆಟ್ಟಿನೊಳಗೆ ತಲೆ ಹಾಕಿದ್ದ ಮೇಸ್ತ್ರಿ, ಮತ್ತು ನಾನು. ನಮ್ಮ ಹಳೆಯ ಪೆಟ್ರೋಲ್ ಕಾರು ಹಿಂದಿನ ದಿನದಿಂದ ಅಲ್ಲೇ ನಿಂತಿತ್ತು. ಬಿಸಿ ಇಂಜಿನ್ನು ನೋಡಿ ಏನೂ ತಿಳಿಯುವುದಿಲ್ಲ, ಪೂರ್ತಿ ತಣ್ಣಗಾದ ಗಾಡಿಯನ್ನೇ ನೋಡಬೇಕು ಎಂದು ಮೇಸ್ತ್ರಿ ಅದನ್ನು ಬಿಟ್ಟುಹೋಗಲು ಹೇಳಿದ್ದರು. ನಾವು ತಿಕೋಟಾದಿಂದ ಬಸ್ಸಿನಲ್ಲಿ ಬಂದಿದ್ದೆವು. ಕಾಕಾ ಬರುವ ಅಗತ್ಯವೇನೂ ಇರಲಿಲ್ಲ. ಆದರೆ ತಮ್ಮ ಗಾಡಿಯ ಹೊಟ್ಟೆ ಬಿಚ್ಚುವಾಗ ತಾವು ಎದುರಿಗೆ ಇರದಿದ್ದರೆ ಹೇಗೆ ಎಂದು ಅವರು ಎಲ್ಲರಿಗಿಂತ ಮೊದಲೇ ಚಪ್ಪಲಿ ಮೆಟ್ಟಿ ನಿಂತಿದ್ದರು.

ಕಾಕಾನ ಮೂತ್ರಪಿಂಡಗಳು ಕೈಕೊಟ್ಟು ಆಗ ವರ್ಷ ತುಂಬಿತ್ತು. ಸೋಮವಾರ, ಗುರುವಾರ ಬೆಳಿಗ್ಗೆ ಏಳಕ್ಕೆ ಅವರು ವಿಜಯಪುರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿರಬೇಕು. ಒಂದು ಪಾಳಿ ತಪ್ಪಿದರೂ ಕಾಲು ಬಾತು, ಅಡ್ಡಾದರೆ ಉಸಿರೇ ಸಿಗದ ಹಾಗಾಗುತ್ತಿತ್ತು. ಕುಡಿಯುವ ನೀರಿಗೂ ಅಳತೆ. ಅದಕ್ಕೇ ಕಾಕಿಯ ಸೆರಗಿನಲ್ಲಿ ಬಾಟಲಿ.

ಗಾಡಿ ಓಡಿಸುವವಳು ನಾನು. ಬಬಲೇಶ್ವರದ ಶಾಲೆಯಲ್ಲಿ ಮಾಸ್ತರಿಕೆ ನನ್ನದು. ಆ ಎರಡು ದಿನ ಕಾಕಾನನ್ನು ಆಸ್ಪತ್ರೆಗೆ ಮುಟ್ಟಿಸಿ, ಅಲ್ಲಿಂದ ಶಾಲೆಗೆ ಹೋಗುತ್ತಿದ್ದೆ. ತೊಂದರೆ ಏನೆಂದರೆ, ಬೆಳಿಗ್ಗೆ ನಾನು ಚಾವಿ ತಿರುಗಿಸಿದರೆ ಗಾಡಿ ಗರಗರ ಎಂದು ಎಷ್ಟೋ ಹೊತ್ತು ತಿರುಗುವುದು, ಹತ್ತುವುದಿಲ್ಲ. ಕಾಕಾ ಕೂತರೆ ಮಾತ್ರ ಒಂದೇ ಏಟಿಗೆ ಚಾಲೂ. ಬಬಲೇಶ್ವರದಲ್ಲಿ ಬ್ಯಾಟರಿ ಬದಲಿಸಿದೆ, ಪ್ಲಗ್ಗು ಬದಲಿಸಿದೆ. ಫರಕು ಬೀಳಲಿಲ್ಲ.

“ಗಾಡಿಗೂ ಕೈ ಗುರುತು ಇರತೈತಿ ಬೇ,” ಎಂದು ಕಾಕಾ ನಗುತ್ತಿದ್ದರು. “ಸಾಲಿ ಹುಡುಗರ ಕಿವಿ ಹಿಂಡಿದಂಗ ಚಾವಿ ಹಿಂಡಿದ್ರ ಅದು ಕೇಳತೈತೇನ?”

ಹೀಗಾಗಿ ಒಂದು ರೂಢಿ ಬಿದ್ದುಹೋಯಿತು. ಕಾಕಾ ಗೋಡೆ ಹಿಡಿದು ಹೊರಗೆ ಬರುವರು, ಸ್ಟೇರಿಂಗಿನ ಮುಂದೆ ಕೂತು ಚಾಲೂ ಮಾಡುವರು, ಆಮೇಲೆ ಇಳಿದು ಬಾನೆಟ್ಟಿಗೆ ಕೈ ಊರಿ ಸುತ್ತಿ ಬಂದು ಎಡಕ್ಕೆ ಕೂರುವರು. ಜೀವಮಾನವಿಡೀ ವಿಜಯಪುರ–ತಿಕೋಟಾ–ಘೋಣಸಗಿ ದಾರಿಯಲ್ಲಿ ಜೀಪು ಓಡಿಸಿ ಮಂದಿಯನ್ನು ಊರು ಮುಟ್ಟಿಸಿದ ಮನುಷ್ಯನಿಗೆ ಉಳಿದಿದ್ದ ಕೆಲಸ ಅದೊಂದೇ. ಅದು ನನಗೂ ಕಾಕಿಗೂ ಗೊತ್ತಿತ್ತು. ಆದರೆ ಅವರಿಗೆ ಏಳಲಾಗದ ದಿನ ಬಂದರೆ ಗಾಡಿ ಎಬ್ಬಿಸುವವರು ಯಾರು ಎಂಬ ಪ್ರಶ್ನೆಗೆ ಮನೆಯಲ್ಲಿ ಯಾರೂ ಬಾಯಿ ತೆರೆಯುತ್ತಿರಲಿಲ್ಲ.

“ಅಕ್ಕಾರ, ಮೊದಲ ನೀವು ಮಾಡ್ರಿ,” ಎಂದರು ಮೇಸ್ತ್ರಿ. ಮಾಡಿದೆ. ಗರಗರ, ಗರಗರ. ನಾನು ಮನಸ್ಸಿನಲ್ಲೇ ಹನ್ನೆರಡು ಎಣಿಸಿದ ಮೇಲೆ ಹತ್ತಿತು.

“ಸ್ಟಾರ್ಟರ್ ಜೋರ ತಿರಗತೈತಿ. ಬ್ಯಾಟರಿದೇನೂ ತಪ್ಪಿಲ್ಲ,” ಎಂದು ಅವರು ಕೈ ಒರೆಸಿಕೊಂಡರು. “ಇಂಜಿನ್ನಿಗೆ ಮೊದಲನೇ ಗುಟುಕು ಪೆಟ್ರೋಲ್ ತಡಾ ಆಗಿ ಮುಟ್ಟಾಕತ್ತೈತಿ. ಯಾಕ ಅಂತ ನೋಡೂಣು.”

ಪೆಟ್ರೋಲಿನ ನಳಿಗೆಗೆ ಒತ್ತಡ ಅಳೆಯುವ ಒಂದು ಗೇಜು ಸಿಕ್ಕಿಸಿ, ಇಂಜಿನ್ನು ಆರಿಸಿ, ಒಂದು ತಾಸು ಬಿಟ್ಟರು. ಚಹಾ ಬಂತು. ಕಾಕಾನ ಕಪ್ಪಿನಲ್ಲಿ ಎರಡು ಗುಟುಕು ಉಳಿಸಿ ಮಿಕ್ಕದ್ದನ್ನು ಕಾಕಿ ತಾನೇ ಕುಡಿದುಬಿಟ್ಟಳು.

“ಏನ ಹೆಂಗಸಪಾ ಇಕಿ, ಕಣ್ಣ ಮುಂದನ ಲೂಟಿ ಮಾಡತಾಳ!”

“ಸುಮ್ಮ ಕುಂದರ್ರಿ. ನಿಮ್ಮ ಡಾಕ್ಟರ್ ನನಗ ಬೈತಾರ, ನಿಮಗಲ್ಲ.”

ಮೇಸ್ತ್ರಿ ಕರೆದರು: “ಕಾಕಾರ, ಈಗ ನಿಮ್ಮ ಪಾಳಿ.”

ಕಾಕಾ ಎದ್ದರು. ನಾನು ತೋಳು ಹಿಡಿಯಹೋದರೆ ಕೊಡವಿಕೊಂಡರು. ಸೀಟಿನ ಮೇಲೆ ಕೂತು ಚಾವಿಯನ್ನು ಅರ್ಧ ತಿರುಗಿಸಿ, “ಹಿಂದಿನವರು ಕುಂತ್ರಿ?” ಎಂದರು. ಹಿಂದೆ ಯಾರೂ ಇರಲಿಲ್ಲ. ಚಾವಿ ವಾಪಸು ತಿರುಗಿಸಿ, ಮತ್ತೆ ಅರ್ಧಕ್ಕೆ ತಂದು, “ಬಾಗಲಾ ಹಾಕ್ರಿ” ಎಂದರು. ಮತ್ತೆ ವಾಪಸು, ಮತ್ತೆ ಅರ್ಧ. “ಇಳಿಯೂ ಮಂದಿ ಮೊದಲ ಹೇಳ್ರಿ.” ಆಮೇಲೆ ಪೂರ್ತಿ ತಿರುಗಿಸಿದರು. ಗಾಡಿ ತಟ್ಟನೆ ಹತ್ತಿತು.

ಕಾಕಿಯೂ ನಾನೂ ಇದನ್ನು ಸಾವಿರ ಸಲ ಕೇಳಿದ್ದೆವು. ಡೀಸೆಲ್ ಜೀಪಿನ ಇಂಜಿನ್ನು ತಣ್ಣಗಿದ್ದಾಗ ಚಾವಿ ಅರ್ಧಕ್ಕಿಟ್ಟು ಹೀಟರು ಕಾಯಿಸಬೇಕಾಗುತ್ತಿತ್ತು. ಕಾಯುವ ಹೊತ್ತಿಗೆ ಪ್ಯಾಸೆಂಜರುಗಳ ಜೊತೆ ಈ ಮೂರು ಮಾತು. ಜೀಪು ಹೋಗಿ ಕಾರು ಬಂದರೂ ಕೈಗೂ ಬಾಯಿಗೂ ಹತ್ತಿದ್ದು ಬಿಟ್ಟಿರಲಿಲ್ಲ. ಮುದುಕರ ಚಾಳಿ ಎಂದು ನಾವು ನಕ್ಕು ಸುಮ್ಮನಾಗಿದ್ದೆವು.

ಮೇಸ್ತ್ರಿ ಮಾತ್ರ ನಗಲಿಲ್ಲ. ಗಾಡಿ ಆರಿಸಲು ಹೇಳಿ, ಹಿಂದಿನ ಸೀಟಿನ ಮೇಲೆ ಕಿವಿ ಇಟ್ಟು, “ಇನ್ನೊಮ್ಮೆ, ಬರೇ ಅರ್ಧಾ” ಎಂದರು. ಸೀಟಿನ ಕೆಳಗೆ ಟ್ಯಾಂಕಿನೊಳಗಿಂದ ‘ಜೂಂ’ ಎಂಬ ಸಣ್ಣ ಸದ್ದು ಎರಡು ಸೆಕೆಂಡು ಬಂದು ನಿಂತಿತು. ಆಮೇಲೆ ನನ್ನನ್ನು ಗೇಜಿನ ಬಳಿ ಕರೆದರು. ಟ್ಯಾಂಕಿನೊಳಗೆ ಪೆಟ್ರೋಲ್ ಎತ್ತುವ ಆ ಪಂಪು ಓಡಿದಾಗ ಮುಳ್ಳು ಏರಿತು, ನಿಂತ ಕೂಡಲೇ ಇಳಿಯತೊಡಗಿತು. ಮತ್ತೊಮ್ಮೆ ಪಂಪು ಓಡಿಸಿ, ಟ್ಯಾಂಕಿನ ಕಡೆಯ ರಬ್ಬರ್ ನಳಿಗೆಯನ್ನು ಅದುಮಿ ಹಿಡಿದರು. ಮುಳ್ಳು ಏರಿದಲ್ಲೇ ನಿಂತಿತು.

“ಪೆಟ್ರೋಲ್ ಟ್ಯಾಂಕಿಗೆ ತಿರುಗಿ ಇಳದು ಹೋಗಾಕತ್ತೈತಿ,” ಎಂದರು. “ಪಂಪಿನ ಬಾಯಾಗ ಅದನ್ನ ತಡಿಯೂ ಒಂದು ವಾಲ್ವ್ ಇರತೈತಿ, ಅದು ಸವದೈತಿ. ಕಾಕಾರು ಮೂರ ಸಲ ಪಂಪ್ ಓಡಿಸಿ ನಳಿಗಿ ತುಂಬಿಸಿ ಚಾಲೂ ಮಾಡತಾರ. ನೀವು ಖಾಲಿ ನಳಿಗಿ ಇಟಗೊಂಡು ತಿರುವತೀರಿ.”

“ಅಂದ್ರ ಇವರ ಕೈ ಗುರುತು ಅಲ್ಲೇನ್ರಿ?” ಎಂದು ಕಾಕಿ ಕೇಳಿಬಿಟ್ಟಳು. ಕೇಳಿದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಕಾಕಾ ಸ್ಟೇರಿಂಗಿನ ಮೇಲೆ ಕೈ ಇಟ್ಟು ಕೂತೇ ಇದ್ದರು. ನಾನು ಅವಸರದಲ್ಲಿ, “ಹಂಗಾರ ನಾನೂ ಮೂರ ಸಲ ಅರ್ಧಾ ತಿರುವಿ ಚಾಲೂ ಮಾಡ್ತೇನಿ ಬಿಡ್ರಿ. ರಿಪೇರಿ ಯಾಕ?” ಎಂದೆ. ಕಾಕಾನ ಆ ಮೂರು ಮಾತಿಗೆ ಕೆಲಸ ಉಳಿಯಲಿ ಎಂಬ ಆಸೆ ನನ್ನದು.

“ಪಂಪ್ ಹಳೇದಾಗೈತಿ ಅಕ್ಕಾರ. ಇವತ್ತ ಮೂರ ಸಲಕ್ಕ ಆಗತೈತಿ, ನಾಳೆ ಹತ್ತು ಸಲಕ್ಕೂ ಆಗಲಿಕ್ಕಿಲ್ಲ.”

ಕಾಕಾ ನನ್ನ ಕಡೆ ನೋಡಲಿಲ್ಲ. “ಹೊಸಾದು ಹಾಕ್ರಿ ಮೇಸ್ತ್ರಿ,” ಎಂದರು. “ನಾ ಹಾಸಿಗಿ ಬಿಟ್ಟು ಏಳಲಿಲ್ಲ ಅಂದ್ರ ಇವರು ಏನ ಮಾಡಬೇಕು?”

ಆ ಮಾತನ್ನು ನಮ್ಮ ಮನೆಯಲ್ಲಿ ಮೊದಲ ಸಲ ಆಡಿದವರು ಅವರೇ.

ಮಧ್ಯಾಹ್ನದ ಹೊತ್ತಿಗೆ ಹೊಸ ಪಂಪು ಕೂತಿತು. ಒಂದು ತಾಸು ಕಾದು ಮೇಸ್ತ್ರಿ ಚಾವಿಯನ್ನು ನನ್ನ ಕೈಗೆ ಕೊಟ್ಟರು. ನಾನು ಕಾಕಾನ ಕಡೆ ತಿರುಗಿದೆ.

“ನನ್ನ ಮಾರಿ ಏನ ನೋಡ್ತಿ? ತಿರುವು.”

ಒಂದೇ ಸಲಕ್ಕೆ ಹತ್ತಿತು. ಕಾಕಾ ಹೂಂ ಎಂದರು. ಊರಿನ ದಾರಿಯಲ್ಲಿ ತೊರವಿ ದಾಟಿದೆವು. ಆಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಅವರು, “ಇಷ್ಟ ದಿನ ನಾ ಖರೇನ ತಿಳಕೊಂಡಿದ್ದೆ ಬೇ, ನನ್ನ ಕೈ ಅಂತ” ಎಂದರು.

ಮುಂದಿನ ಸೋಮವಾರವೂ ಅವರೇ ಚಾಲೂ ಮಾಡಿದರು, ಅದೇ ಮೂರು ಮಾತುಗಳೊಂದಿಗೆ. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಮಳೆಗಾಲ ಹೀಗೇ ಕಳೆಯಿತು.

ದಸರೆ ಮುಗಿದ ಮೇಲಿನ ಒಂದು ಬುಧವಾರ, ಬೆಳಕು ಹರಿಯುವಾಗ ಕಾಕಿ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. ಕಾಕಾನಿಗೆ ಉಸಿರು ಸಿಕ್ಕುತ್ತಿರಲಿಲ್ಲ. ತುಟಿ ನೀಲಿಗಟ್ಟಿತ್ತು. ನೆರೆಯವರಿಬ್ಬರು ಅವರನ್ನು ಎತ್ತಿ ತಂದು ಹಿಂದಿನ ಸೀಟಿನಲ್ಲಿ ಕಾಕಿಗೆ ಒರಗಿಸಿ ಕೂಡಿಸಿದರು. ನಾನು ಚಾವಿ ತಿರುಗಿಸಿದೆ, ಗಾಡಿ ಹತ್ತಿತು. ಅರ್ಧ ತಾಸಿನೊಳಗೆ ಆಸ್ಪತ್ರೆ ಮುಟ್ಟಿದೆವು. ಅಂದೇ ಯಂತ್ರಕ್ಕೆ ಹಾಕಿದರು. ನಾಲ್ಕನೆಯ ದಿನ ಮನೆಗೆ ಕಳಿಸಿದರು.

ಸೋಮವಾರ ಬೆಳಿಗ್ಗೆ ಕಾಕಾ ಗೋಡೆ ಹಿಡಿದು ಹೊರಗೆ ಬಂದರು, ನೇರವಾಗಿ ಎಡಗಡೆಯ ಬಾಗಿಲು ತೆಗೆದು ಕೂತರು.